ಮೂರು ದಿನದ ಜಗಲಿ

ಒಂದೇ ತಿಂಗಳಲ್ಲಿ ಎರಡು ಸಲ ಹೊರಗಾಗಿದ್ದೇ ಮುನಿರತ್ನಮ್ಮ ಮಾಡಿದ ತಪ್ಪು.

ನಿಜ ಹೇಳಬೇಕೆಂದರೆ ಅವಳ ಮುಟ್ಟು ನಿಂತು ವರ್ಷದ ಮೇಲಾಗಿತ್ತು. ಆ ಸಂಗತಿಯನ್ನು ಗಂಡ ಗೋವಿಂದರಾಜುವಿಗೆ ಹೇಳಿರಲಿಲ್ಲ, ಅಷ್ಟೇ. ಹೇಳುವುದಾದರೂ ಹೇಗೆ? ನಲ್ಲೂರಿನ ಆ ಮನೆಯಲ್ಲಿ ಮೈಲಿಗೆಯ ಮಾತೆಲ್ಲ ಅತ್ತೆಯ ಕಾಲಕ್ಕೇ ಮುಗಿದಿತ್ತು. ರೇಷ್ಮೆ ಹುಳದ ಮನೆಗೆ ಮಾತ್ರ ಇನ್ನೂ ನಡೆಯುತ್ತಿತ್ತು. ಹೊರಗಾದವಳು ಒಳಗೆ ಕಾಲಿಟ್ಟರೆ ಹುಳ ಕೆಟ್ಟುಹೋಗುತ್ತದೆಂದು ಗೋವಿಂದರಾಜು ಗಟ್ಟಿಯಾಗಿ ನಂಬಿದ್ದ. ಹಾಗಾಗಿ ತಿಂಗಳಿಗೆ ಮೂರು ದಿನ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸ ಅವನದು, ಹಿತ್ತಲ ಜಗಲಿ ಅವಳದು.

ಆ ಜಗಲಿ! ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಕೂರಿಸಿದಾಗ ಅವಳು ಅತ್ತಿದ್ದಳು. ಆಮೇಲೆ ಅದೇ ತವರಿಗಿಂತ ಹಿತವಾಯಿತು. ಪಕ್ಕದ ಮನೆಯ ಅಮ್ಮಯಮ್ಮನೂ ಅದೇ ದಿನಗಳಲ್ಲಿ ಹೊರಗಾದರಂತೂ ಹಬ್ಬವೇ. ಚೌಕಾಬಾರ ಆಡುತ್ತ, ತೋಪಿನ ಹುಣಸೇಕಾಯಿಗೆ ಉಪ್ಪು ಹಚ್ಚಿ ಚೀಪುತ್ತ, ಅತ್ತೆಯರನ್ನು ಬಾಯಿತುಂಬ ಬೈಯುತ್ತ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಅಂಥ ದಿನಗಳು ಇನ್ನು ಮತ್ತೆ ಬರುವುದಿಲ್ಲ.

ಈಗಂತೂ ರಾತ್ರಿಯೆಲ್ಲ ನಿದ್ದೆಯಿಲ್ಲ. ಒಳಗೇ ಒಲೆ ಹಚ್ಚಿಟ್ಟಂತೆ ಮೈ ಧಗ್ಗೆನ್ನುತ್ತದೆ, ಬೆವರು ಇಳಿಯುತ್ತದೆ, ಮಂಡಿ ಹಿಡಿಯುತ್ತದೆ. ಮೂರು ದಿನದ ರಜೆಯನ್ನೂ ಬಿಟ್ಟುಕೊಟ್ಟರೆ ಗತಿಯೇನು? ಅದಕ್ಕೇ ತಿಂಗಳು ತಿಂಗಳು ಸುಳ್ಳು. ಆದರೆ ಸುಳ್ಳು ಹೇಳುವವರಿಗೆ ಜ್ಞಾಪಕ ಚೆನ್ನಾಗಿರಬೇಕು. ಅವಳಿಗೋ ಈಚೆಗೆ ಸೆರಗಿಗೆ ಕಟ್ಟಿಕೊಂಡ ಬೀಗದ ಕೈಯೂ ನೆನಪಿರುತ್ತಿರಲಿಲ್ಲ.

ಅಂದು ಬೆಳಿಗ್ಗೆ ಜಗಲಿಯಲ್ಲಿ ಚಾಪೆ ಹಾಸಿ ಒರಗುವಷ್ಟರಲ್ಲಿ ಅಮ್ಮಯಮ್ಮ ಬೇಲಿಯಾಚೆಯಿಂದ ಇಣುಕಿದಳು.

"ಇದೇನೇ ರತ್ನಿ, ಮೊನ್ನೆ ಮೊನ್ನೆ ತಾನೇ ಕೂತಿದ್ದೆ? ಮತ್ತೆ ಈಗ್ಲೇನಾ?"

ಈ ತಿಂಗಳು ಆಗಲೇ ಒಮ್ಮೆ ಕೂತಿದ್ದು ಈಗ ನೆನಪಾಗಿ ಮುನಿರತ್ನಮ್ಮ ದಡಬಡಿಸಿ ಎದ್ದು ಕೂತಳು. "ಹೂ ಕಣಕ್ಕ... ಈ ಸಲ ಏನೋ ಬೇಗ..."

"ಈ ವಯಸ್ನಲ್ಲಿ ಹಿಂಗಾದ್ರೆ ಒಳ್ಳೇದಲ್ಲ ಕಣೇ! ಲೇ ಗೋವಿಂದರಾಜಾ! ಹೆಂಡ್ತೀನ ಉಳಿಸ್ಕೊಳ್ಳೋ ಆಸೆ ಐತೋ ಇಲ್ವೋ?"

ಗಳಿಗೆಯಲ್ಲಿ ಬೀದಿಯೇ ನೆರೆಯಿತು. ಒಬ್ಬಳು ಗರ್ಭಕೋಶ ತೆಗೆಸಲೇಬೇಕೆಂದಳು. ಇನ್ನೊಬ್ಬಳು ತೆಗೆಸಿಕೊಂಡ ತನ್ನ ನಾದಿನಿಯ ಕತೆ ಶುರುಮಾಡಿದಳು. "ನಂಗೇನೂ ಆಗಿಲ್ಲ, ಬಿಟ್ಬಿಡ್ರೇ" ಎಂದು ಮುನಿರತ್ನಮ್ಮ ಗೋಗರೆದಷ್ಟೂ, "ಪಾಪ, ನೋವು ನುಂಗ್ಕೊಂಡವ್ಳೆ" ಎಂದು ಕಣ್ಣೊರೆಸಿಕೊಂಡರು. ಗೋವಿಂದರಾಜು ಸೊಪ್ಪಿನ ಹೊರೆಯನ್ನು ಅಲ್ಲೇ ಎಸೆದು, ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ದೇವನಹಳ್ಳಿಗೆ ಹೊರಟ. ದಾರಿಯುದ್ದಕ್ಕೂ ಕಂಡ ಗುಡಿಗೆಲ್ಲ ಹರಕೆ ಹೊರುತ್ತಿದ್ದ. ಅವಳಿಗೆ ಅಯ್ಯೋ ಅನ್ನಿಸಿತು.

ಡಾಕ್ಟರಮ್ಮ ಸ್ಕ್ಯಾನು, ಪರೀಕ್ಷೆ ಎನ್ನುತ್ತಲೇ ಮುನಿರತ್ನಮ್ಮ, ಗಂಡ ಹೊರಗಿದ್ದಾನೆಂದು ಖಚಿತ ಮಾಡಿಕೊಂಡು, ಕೈಮುಗಿದು ನಿಜ ಹೇಳಿಬಿಟ್ಟಳು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗೋವಿಂದರಾಜುವನ್ನು ಕರೆದು, ಅವಳ ಗುಟ್ಟು ಬಯಲು ಮಾಡದೆ ಹೇಳಿದರು: "ಗಾಬರಿ ಬೇಡ. ಇವರಿಗೆ ಮುಟ್ಟು ನಿಲ್ಲೋ ಕಾಲ, ಇನ್ಮೇಲೆ ಬರಲ್ಲ. ಸೆಕೆ, ನಿದ್ದೆ ಇಲ್ದಿರೋದು, ಮರೆವು, ಸಿಡುಕು, ಎಲ್ಲ ಅದರಿಂದಾನೇ. ತಣ್ಣಗಿರೋ ಜಾಗದಲ್ಲಿ ಮಲಗಲಿ. ಚೆನ್ನಾಗಿ ನೋಡ್ಕೊಳ್ಳಿ."

ಸಂಜೆ ಗೋವಿಂದರಾಜು ಟೆಂಪೋದಲ್ಲಿ ದೊಡ್ಡದೊಂದು ಏರ್ ಕೂಲರ್ ತಂದಿಳಿಸಿದ. ಮುನಿರತ್ನಮ್ಮನ ಕಣ್ಣು ತುಂಬಿಬಂತು. ಇಂಥ ಗಂಡನಿಗೆ ಸುಳ್ಳು ಹೇಳಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. "ಗಂಡ ಅಂದ್ರೆ ಹಿಂಗಿರ್ಬೇಕು" ಎಂದು ಅಮ್ಮಯಮ್ಮ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಕೂಲರ್ ಪಡಸಾಲೆ ದಾಟಿತು, ನಡುಮನೆಯನ್ನೂ ದಾಟಿ, ಸೀದಾ ಹುಳದ ಮನೆಗೆ ಹೋಯಿತು.

"ಡಾಕ್ಟ್ರು ತಣ್ಣಗಿರೋ ಜಾಗ ಅಂದ್ರಲ್ಲಮ್ಮಿ," ಎಂದ ಗೋವಿಂದರಾಜು ಅಕ್ಕರೆಯಿಂದ. "ಹುಳಕ್ಕೂ ಆಯ್ತು, ನಿಂಗೂ ಆಯ್ತು. ನಿನ್ ಚಾಪೆ ಅಲ್ಲೇ ಹಾಕಿದೀನಿ. ಹೆಂಗೂ ರಾತ್ರಿ ನಿದ್ದೆ ಬರಲ್ಲ, ಸೊಪ್ಪು ಹಾಕ್ತಿರು. ಇನ್ಮೇಲೆ ಮೂರು ದಿನ ಹೊರಗೆ ಕೂರೋ ಕಷ್ಟಾನೂ ತಪ್ತು ನೋಡು!"