ಅರ್ಧ ಒಡಪಿನ ಪೂರ್ಣಪಾಠ

ಪೂರ್ತಿ ಮುಚ್ಚಿದ ಬಾಗಿಲಿಗಿಂತ ಅರ್ಧ ತೆರೆದ ಬಾಗಿಲು ಮನುಷ್ಯನನ್ನು ಹೆಚ್ಚು ಕಾಡುತ್ತದೆ. ಮುಚ್ಚಿದ್ದರೆ ನಾಲ್ಕು ಮಾತು ಬೈದು ಮನೆಗೆ ಹೋಗಬಹುದು. ಸಂಶೋಧನಾ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಇಡುವವರು ಈ ಗುಟ್ಟು ತಿಳಿದವರು. ಲೇಖನದ ಹೆಸರು ತೋರಿಸುತ್ತಾರೆ, ಸಾರಾಂಶವನ್ನೂ ತೋರಿಸುತ್ತಾರೆ, ಬಾಯಲ್ಲಿ ನೀರೂರುವ ಹೊತ್ತಿಗೆ ‘ಪೂರ್ಣಪಾಠಕ್ಕೆ ನಿಮ್ಮ ಸಂಸ್ಥೆಯ ಮೂಲಕ ಪ್ರವೇಶಿಸಿ’ ಎನ್ನುತ್ತಾರೆ. ನರಗುಂದದಿಂದ ರೋಣಕ್ಕೆ ದಿನಾ ಹೋಗಿ ಕಾಲೇಜಿನಲ್ಲಿ ಇತಿಹಾಸ ಹೇಳುವ ನನಗೆ ಮುಂಜಾನೆಯ ಬಸ್ಸನ್ನು ಪ್ರವೇಶಿಸುವುದೇ ಒಂದು ಸಾಹಸ. ಆದರೂ ತಲೆ ನರೆತ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದರಿಂದ ಧಾರವಾಡದಲ್ಲಿ ನನಗೂ ಒಂದು ವಿಶ್ವವಿದ್ಯಾಲಯವಿತ್ತು, ಅದಕ್ಕೊಂದು ಗ್ರಂಥಾಲಯವಿತ್ತು, ನನ್ನ ಹೆಸರಿಗೊಂದು ಪಾಸ್‌ವರ್ಡೂ ಇತ್ತು.

ನಾನು ಹುಡುಕುತ್ತಿದ್ದದ್ದು ನರಗುಂದದ ಕಾಳುಕಡಿ ಪೇಟೆಯ ಚರಿತ್ರೆ. ಸಿಕ್ಕಿದ್ದು ಹೆಂಗಸರ ಒಡಪಿನ ಮೇಲೊಂದು ಇಂಗ್ಲಿಷ್ ಲೇಖನ. ನಮ್ಮ ಕಡೆ ಹಿಂದಿನವರು ಗಂಡನ ಹೆಸರನ್ನು ಬರಿದೇ ಹೇಳುತ್ತಿರಲಿಲ್ಲ. ಮದುವೆಯಲ್ಲೋ, ಬಸುರಿಯ ಸೀಮಂತದ ಕುಬಸದಲ್ಲೋ ಉಳಿದ ಹೆಂಗಸರು ಅಡ್ಡಗಟ್ಟಿದಾಗ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಕೂಡಿಸಿ ಹೇಳಿ ಪಾರಾಗಬೇಕು. ಅದೇ ಒಡಪು. ಲೇಖನದ ಸಾರಾಂಶದಲ್ಲಿ ಹೀಗಿತ್ತು: ಗುಡ್ಡದ ಕೋಟೆಯ ಕೆಳಗಿನ ಊರು, ಕಾಳಿನ ವ್ಯಾಪಾರಿಯ ಮನೆ, ಕುಬಸದ ದಿನ ಹೊಳೆಯಾಚೆಯ ಊರಿನ ಸೊಸೆಯೊಬ್ಬಳು ಹೇಳಿದ ಒಡಪು, ‘ಕೊಣ್ಣೂರ ಹೊಳಿ ದಂಡಿ ತುಂಬಿ ಬಂದೈತಿ...’ ಮುಂದೆ ಮೂರು ಚುಕ್ಕಿ, ಚುಕ್ಕಿಯ ಮುಂದೆ ಬೀಗ.

ಅದು ನಮ್ಮದೇ ಮನೆ, ಅಜ್ಜನದು ಕಾಳಿನ ವ್ಯಾಪಾರ. ಅಪ್ಪನ ತಂಗಿಯಾದ ನಮ್ಮ ಅತ್ತೆಯ ಕುಬಸಕ್ಕೆ ಟೇಪ್ ರೆಕಾರ್ಡರ್ ಹಿಡಿದು ಒಬ್ಬ ಸಂಶೋಧಕಿ ಬಂದಿದ್ದ ಸುದ್ದಿ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೊಳೆಯಾಚೆಯ ಸೊಸೆ ಎಂದರೆ ನಮ್ಮ ಅವ್ವ. ಅವಳು ಹೋಗಿ ಬಹಳ ವರ್ಷಗಳಾದವು. ಫೋಟೋ ಇದೆ, ಮಾತು ಒಂದೂ ಉಳಿದಿಲ್ಲ.

ನಮ್ಮೊಡನೇ ಇರುವ ಅಪ್ಪನಿಗೆ ಆ ಒಂದು ಸಾಲು ಓದಿ ಹೇಳಿದೆ. ಗೋಡೆಗೆ ಒರಗಿದ್ದ ಅಪ್ಪ ನೆಟ್ಟಗೆ ಕೂತರು.

“ಅದು ನಾ ಹೊಳಿ ಈಜಿ ಹೋಗಿ ಅಕೀನ್ನ ಕರಕೊಂಡು ಬಂದ ಸುದ್ದಿ. ಮುಂದ ಏನಂದಾಳ?”

“ಮುಂದ ಬೀಗ ಐತೆಪಾ.”

“ನನ್ನ ಹೆಸರು, ನನ್ನ ಹೇಣ್ತಿ ಬಾಯಾಗಿಂದು. ಅದಕ್ಕ ಅವರ್ಯಾಕ ಬೀಗ ಹಾಕ್ತಾರ?” ಎಂದರು. ಆಮೇಲೆ, “ನನಗ ಜೀವಮಾನಪೂರ್ತಿ ‘ಇಲ್ಲೆ ಕೇಳಿದ್ರೇನು’ ಅಂತನ ಕರದ್ಲು. ಹೆಸರ ಹೇಳಿದ್ದು ನಾ ಕೇಳೇ ಇಲ್ಲ,” ಎಂದರು.

ಉಕ್ಕಿದ ಹೊಳೆಯನ್ನು ಈಜಿದ ಆ ಕಥೆಯನ್ನು ಅಪ್ಪ ನಮಗೆ ಚಿಕ್ಕಂದಿನಿಂದ ರೊಟ್ಟಿಯ ಜೊತೆ ಬಡಿಸಿದವರು. ಆ ಸಾಲು ಕೇಳಿದ ದಿನದಿಂದ, ನಾನು ಸಂಜೆ ಬಸ್ಸಿಳಿದು ಹೊಸ್ತಿಲು ದಾಟಿದರೆ ಸಾಕು, “ಬಂತೇನಪಾ?” ಎಂದು ಕೇಳತೊಡಗಿದರು. ನಾನು ಪಾಸ್‌ವರ್ಡ್ ಹಾಕುವುದು, ಗ್ರಂಥಾಲಯದ ತಾಣವು ‘ಈ ಹಳೆಯ ಸಂಚಿಕೆಗೆ ನಮ್ಮ ಚಂದಾ ಇಲ್ಲ’ ಎನ್ನುವುದು, ಸಂಜೆ ಅಪ್ಪನ ಮುಖ ನೋಡುವುದು. ಪೇಟೆಯ ಚರಿತ್ರೆ ಮೂಲೆಗೆ ಬಿತ್ತು. ನನಗೂ ಆ ಎರಡನೆಯ ಸಾಲಿನ ಹೊರತು ಬೇರೇನೂ ಬೇಡವಾಗಿತ್ತು.

ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಷಡ್ಡಕ ವೀರೇಶನಿಗೆ ಜಗತ್ತಿನ ಯಾವ ಬಾಗಿಲೂ ಪರಿಚಯವಿಲ್ಲದೆ ತೆರೆಯುವುದಿಲ್ಲ ಎಂಬ ನಂಬಿಕೆ. “ಮಷೀನ್ ಮುಂದ ಕುಂತ್ರ ಯಾರ ಕೊಡ್ತಾರ? ಮಾರಿ ತೋರ್ಸಿ ಕೇಳಬೇಕು. ನಡಿ, ನಾ ಬರ್ತೀನಿ,” ಎಂದ. ಬರಿಗೈಯಲ್ಲಿ ಹೋಗಬಾರದೆಂದು ನನ್ನ ಹೆಂಡತಿ ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಹೆಣ್ಣು ನೋಡಲು ಹೊರಟವರಂತೆ ಇಸ್ತ್ರಿ ಅಂಗಿ ತೊಟ್ಟು ಇಬ್ಬರೂ ಧಾರವಾಡಕ್ಕೆ ಹೋದೆವು.

ಗ್ರಂಥಾಲಯದ ಮೇಡಂ ವೀರೇಶ ಒಪ್ಪಿಸಿದ ಬೀಗರ ವಂಶಾವಳಿಯನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿ, “ಇಲ್ಲಿ ಕೆಳಗ ‘ವಿನಂತಿ’ ಅಂತ ಬಟನ್ ಐತಿ ನೋಡ್ರಿ. ಮನ್ಯಾಗ ಕುಂತ ಒತ್ತಿದ್ರ ನಾವ ಬ್ಯಾರೆ ಲೈಬ್ರರಿಯಿಂದ ತರಿಸಿ ಕಳಸ್ತಿದ್ವಿರಿ,” ಎಂದರು.

ಆ ಬಟನ್ನನ್ನು ನಾನು ನೋಡಿರಲಿಲ್ಲವೆಂದಲ್ಲ. ವಿನಂತಿ ಎಂದರೆ ಕೈಕಟ್ಟಿ ನಿಂತು ಮಾಡುವುದು ಎಂದು ತಿಳಿದ ಊರಿನವನು, ಅದನ್ನು ಬೆರಳಿನಿಂದ ಒತ್ತುವುದು ಉದ್ಧಟತನವೆಂದು ಬಿಟ್ಟಿದ್ದೆ. ಅಲ್ಲೇ ಒತ್ತಿದೆ. ರೊಟ್ಟಿಯನ್ನು ಗ್ರಂಥಾಲಯದವರೆಲ್ಲ ಹಂಚಿಕೊಂಡು ತಿಂದರು. ಆ ರೊಟ್ಟಿಯಿಂದಲೇ ಕೆಲಸವಾಯಿತೆಂದು ವೀರೇಶ ಇವತ್ತಿಗೂ ವಾದಿಸುತ್ತಾನೆ.

ಕೆಲವು ದಿನಗಳಲ್ಲಿ ಲೇಖನ ಬಂತು. ಅಪ್ಪ ಕನ್ನಡಕ ಒರೆಸಿಕೊಂಡು ಕೂತರು, ಓದುವವನು ನಾನಾದರೂ. ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಚುಕ್ಕಿ ಗೆರೆ ಹಚ್ಚಿ ಬರೆದ ಅವ್ವನ ಮಾತನ್ನು ತಡವರಿಸುತ್ತ ಓದಿದೆ:

“ಕೊಣ್ಣೂರ ಹೊಳಿ ದಂಡಿ ತುಂಬಿ ಬಂದೈತಿ,
ದಾಟಿ ಬರ್ತೀನಂದ ರಾಮಪ್ಪಾರಿಗೆ ಈಜೆಲ್ಲಿ ಬರತೈತಿ.”

ನಮ್ಮ ಅಪ್ಪನ ಹೆಸರು ಶಿವಪ್ಪ.

“ಈ ರಾಮಪ್ಪ ಯಾರು?” ಅಪ್ಪ ಸಣ್ಣ ದನಿಯಲ್ಲಿ ಕೇಳಿದರು. ಅಡಿಟಿಪ್ಪಣಿಯಲ್ಲಿ ಉತ್ತರವಿತ್ತು: ಮನೆತನದ ಗೌರವ ಕಾಯಲು ಜನರ ಹೆಸರುಗಳನ್ನೆಲ್ಲ ಬದಲಿಸಲಾಗಿದೆ. ಅಪ್ಪನಿಗೆ ಹೇಳಿದೆ. “ನನ್ನ ಹೆಸರ ಬಚ್ಚಿಡಾಕ ಇವರು ಯಾಕ ಬೇಕಿತ್ತು? ಅಕಿ ಬಚ್ಚಿಟ್ಟಿದ್ದ ಸಾಕಾಗಿತ್ತಲ್ಲ,” ಎಂದರು. ನನಗೆ ಅಳು ಬಂದಂತಾಯಿತು. ಇಷ್ಟು ದೂರ ಹೋಗಿ ಬಾಗಿಲು ತೆರೆಸಿದರೆ ಒಳಗೆ ಬೇರೆ ಯಾರೋ ಕೂತಿದ್ದರು.

“ಎರಡನೇದ್ದ ಇನ್ನೊಮ್ಮೆ ಓದು,” ಎಂದರು. ಓದಿದೆ. ಅಪ್ಪನ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು. ನಗುತ್ತಿದ್ದರು.

“ಹೆಸರ ಯಾರದರ ಹಾಕಲಿ ಬಿಡು. ಈಜ ಬರಲಾರದಾಂವ ನಾನ,” ಎಂದರು. “ಸೇತುವಿ ಮುಳುಗಿತ್ತು. ಅಕಿ ಆಚಿ ದಂಡ್ಯಾಗ ನಿಂತಿದ್ಲು. ದಾಟಿ ಬರ್ತೀನಿ ಅಂತ ಒದರಿದೆ. ಮೊಣಕಾಲ ತನಾ ಇಳದು ತಿರಗಿ ಬಂದೆ. ನಿಮಗ ಎಂದರ ಹೇಳಿದ್ಲೇನು? ಇಲ್ಲ. ಕುಬಸದಾಗ ಎಲ್ಲಾರ ಮುಂದ ಹೇಳ್ಯಾಳ ನೋಡು.” ಕಣ್ಣು ಒರೆಸಿಕೊಂಡು ಮತ್ತೆ ಓದಿಸಿದರು. ಅವ್ವನ ದನಿ ನನಗೂ ಕೇಳಿಸಿತು ಎಂದೇ ಅನ್ನಿಸಿತು.

ಮರುದಿನ ಅಡುಗೆಮನೆಗೆ ಹೋಗಿ, ನನ್ನನ್ನು ‘ಸರ್’ ಎಂದು ಕರೆಯುವ ಹೆಂಡತಿಗೆ, “ನಮ್ಮ ಮದುವ್ಯಾಗ ಫೋಟೋದವರ ಗದ್ದಲದಾಗ ಒಡಪು ಉಳದಬಿಡ್ತು. ಈಗರ ಒಂದು ಹೇಳು,” ಎಂದೆ. ಆಕೆ ರೊಟ್ಟಿ ತಿರುವಿ ಹಾಕಿ,

“ಗಜೇಂದ್ರಗಡದ ಗುಡ್ಡದ ಮ್ಯಾಲ ಗಾಳಿಪಂಕಾ ತಿರಗತಾವ,” ಎಂದು ಗಾಳಿಯಂತ್ರಗಳವರೆಗೆ ಬಂದು ನಿಲ್ಲಿಸಿದಳು.

“ಮುಂದ?”

“ಮುಂದಿಂದು ಬೇಕಂದ್ರ ವಿನಂತಿ ಬಟನ್ ಒತ್ತರಿ, ಸರ್.”

ಆ ಬಟನ್ ಎಲ್ಲಿದೆಯೆಂದು ಇನ್ನೂ ಗೊತ್ತಾಗಿಲ್ಲ. ಅಪ್ಪ ಈಗ ನಿಶ್ಚಿಂತೆಯಿಂದ ಇದ್ದಾರೆ. ಸಂಜೆ ಬಸ್ಸಿಳಿದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, “ಬಂತೇನು?” ಎಂದು ಕೇಳುವವನು ನಾನು.