ಅಂಗಳದಲ್ಲಿದ್ದದ್ದೆಲ್ಲ ದಾನ

ದಾನವೆಂಬುದು ವ್ಯವಸ್ಥಿತವಾಗಿ ನಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಸಿಂಧನೂರಿನ ನಮ್ಮ ಸೇವಾ ಸಂಸ್ಥೆಯು ಮನೆಯಿಲ್ಲದವರಿಗೆ ಕೋಣೆ ಕಟ್ಟಿಕೊಟ್ಟು, ಊರವರು ಕೊಟ್ಟ ಪಾತ್ರೆ, ಬಟ್ಟೆ, ಮಂಚಗಳಿಂದ ಅದನ್ನು ತುಂಬಿಸುತ್ತದೆ. ಅದರ ಸಂಗ್ರಹಣಾ ಸಂಚಾಲಕ ನಾನು! ಆದ್ದರಿಂದ ಹಳೆಯ ಬಟ್ಟೆಯ ಗಂಟೊಂದನ್ನು ಅಂಗಳದಲ್ಲಿಟ್ಟು, ಟಂಟಂ ಗಾಡಿ ಓಡಿಸುವ ಮೆಹಬೂಬನಿಗೆ ಫೋನಿನಲ್ಲಿ ಸ್ಪಷ್ಟ ಸೂಚನೆ ನೀಡಿದೆ: "ಅಂಗಳದಲ್ಲಿರುವುದೆಲ್ಲವನ್ನೂ ಸಂಸ್ಥೆಗೆ ತಲುಪಿಸತಕ್ಕದ್ದು." ಬಳಿಕ ಕಚೇರಿ ಕೆಲಸಕ್ಕೆಂದು ಮಸ್ಕಿಗೆ ಹೋದೆ.

ದಸರಾ ಹತ್ತಿರವಿತ್ತು. ನನ್ನ ಹೆಂಡತಿ ಗಿರಿಜಾ ಸುಣ್ಣ ಹಚ್ಚಲೆಂದು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಕೌದಿ ಒಗೆಯಲು ಕಾಲುವೆಗೆ ಹೋದಳು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದ ನನ್ನ ತಂಗಿ ಮರುದಿನ ಕೂಸಿನೊಂದಿಗೆ ನಮ್ಮಲ್ಲಿಗೆ ಬರುವವಳಿದ್ದಳು. ಅವಳಿಗೆಂದೇ ಹೊಸ ನವಾರದ ಪಟ್ಟಿ ಬಿಗಿಸಿದ್ದ ಮಂಚವೂ ಅಂಗಳದಲ್ಲೇ ಇತ್ತು.

ಸಂಜೆ ಬಂದು ನೋಡಿದರೆ ಬರಿ ಗೋಡೆಗಳು! ಕೆಮ್ಮಿದರೆ ಪ್ರತಿಧ್ವನಿ! ಗಾಬರಿಯಿಂದ ಮೆಹಬೂಬನಿಗೆ ಫೋನ್ ಮಾಡಿದೆ.

"ಒಂದ ಚಮಚಾನೂ ಬಿಟ್ಟಿಲ್ಲ ಸರ್! ನೀವಽ ಅಂದಿದ್ರಲ್ಲ, ಎಲ್ಲಾ ಅಂತ. ಒಯ್ದಕೂಡ್ಲೆ ಹಂಚಿಬಿಟ್ರು ನೋಡ್ರಿ."

ಆಗಷ್ಟೇ ಕಾಲುವೆಯಿಂದ ಬಂದು ಒದ್ದೆ ಕೌದಿ ಹೊತ್ತು ನಿಂತಿದ್ದ ಗಿರಿಜಾ ಎಲ್ಲವನ್ನೂ ಕೇಳಿಸಿಕೊಂಡಳು.

"ಡಿಗ್ರಿ ಓದೀರಿ, ಮನಿ ಖಾಲಿ ಮಾಡೀರಿ! ನಾಳೆ ಬಾಣಂತಿನ್ನ ಎಲ್ಲಿ ಮಲಗಸ್ತೀರಿ, ನಿಮ್ಮ ಸರ್ಟಿಫಿಕೇಟ್ ಮ್ಯಾಲೇನು? ಉಳದದ್ದು ಹಾಳಾಗ್ಲಿ, ಮಂಚ ತರ್ರಿ!"

ಓಡಿದೆ. ಸಂಸ್ಥೆಯ ಹೊಸ ಕೋಣೆಯಲ್ಲಿ ನಮ್ಮ ಮಂಚವಿತ್ತು. ಅದರ ಮೇಲೆ ಬೇರೊಬ್ಬ ಬಾಣಂತಿ ಮಲಗಿದ್ದಳು! ಅವಳ ತಾಯಿ ಕೈಮುಗಿದಳು.

"ಬರ್ರಿ ಯಪ್ಪಾ. ನಿನ್ನೆತನಕ ಬಸ್ ಸ್ಟ್ಯಾಂಡಿನಾಗ ನೆಲದ ಮ್ಯಾಲ ಮಲಗಿದ್ಲ್ರಿ ನನ್ನ ಮಗಳು. ಯಾವ ಪುಣ್ಯಾತ್ಮ ಕೊಟ್ಟಾನೋ, ಹೊಸಾ ನವಾರ ಐತ್ರಿ!"

ನಾನು ಗಂಟಲು ಸರಿಪಡಿಸಿಕೊಂಡು, "ನವಾರವು ಸಡಿಲವಾಗಿದೆಯೇ ಎಂದು ಪರಿಶೀಲಿಸಲು ಬಂದಿದ್ದೇನೆ" ಎಂದೆ. ಪರಿಶೀಲಿಸಿದೆ. ಬಿಗಿಯಾಗಿತ್ತು. ಬರಿಗೈಯಲ್ಲಿ ಮರಳಿದೆ.

ನಡೆದದ್ದನ್ನು ಗಿರಿಜಾಗೆ ಹೇಳಿದೆ. ಬೆಳಿಗ್ಗೆ ಅವಳೇ ಸಂಸ್ಥೆಗೆ ಹೋಗಿ, ಬಾಣಂತಿಗೊಂದು ಮಂಚ ಬೇಕೆಂದಳು. ನಿಯಮದಂತೆ ಅಧ್ಯಕ್ಷರು ಮನೆ ನೋಡಲು ಬಂದರು. ಒಲೆಯಿಲ್ಲ, ಕೊಡವಿಲ್ಲ, ಕುಳಿತುಕೊಳ್ಳಿ ಎನ್ನಲು ಚಾಪೆಯೂ ಇಲ್ಲ. ಅವರ ಕಣ್ಣು ತುಂಬಿತು.

"ಇಂಥಾ ಪರಿಸ್ಥಿತಿ ಐತಿ ಅಂತ ಒಂದ ಮಾತ ಹೇಳಬಾರದೇನ್ರಿ? ಮಂದಿ ಮನಿಗೆ ಸಾಮಾನು ಹೊತ್ತೀರಿ, ನಿಮ್ಮ ಮನ್ಯಾಗ ಏನೂ ಇಲ್ಲಲ್ರಿ!"

ಸತ್ಯ ಹೇಳಿದರೆ ಆ ಬಾಣಂತಿಯನ್ನು ಮಂಚದಿಂದ ಎಬ್ಬಿಸಿಯಾರು. ಅಷ್ಟರಲ್ಲಿ ಹೊರಗೆ ತಂಗಿಯ ಆಟೋ ಬಂದು ನಿಂತಿತು. ತೆರೆದಿದ್ದ ಬಾಯಿ ಮುಚ್ಚಿದೆ.

ಮಂಚ ಬಂತು. ದಾನ ಪಡೆದವರ ಫೋಟೊ ತೆಗೆಯುವುದು ಸಂಸ್ಥೆಯಲ್ಲಿ ಕಡ್ಡಾಯ. ಕಡ್ಡಾಯಗೊಳಿಸಿದವನೂ ನಾನೇ! ಈಗ ಸಂಸ್ಥೆಯ ಗೋಡೆಯ ಮೇಲೆ, ಮಂಚದ ಕಾಲು ಹಿಡಿದು ನಿಂತಿರುವ ನಮ್ಮ ವಂಶದ ಪ್ರಥಮ ಪದವೀಧರನನ್ನು ಯಾರು ಬೇಕಾದರೂ ನೋಡಬಹುದು. ಕೆಳಗೆ 'ನಿರ್ಗತಿಕ ಕುಟುಂಬ' ಎಂದು ಬರೆದಿದ್ದಾರೆ.

ಇನ್‌ಶರ್ಟ್ ಮಾಡಿಕೊಂಡು ನಿಲ್ಲಬಾರದಿತ್ತು.