ಹೊಸ್ತಿಲಾಚೆಯ ಒಡಪು

ತವರಿಗೆ ಹೊರಟ ರಾಜಶ್ರೀ ಗಂಡ ಕಲ್ಮೇಶನಿಗೆ ಒಂದೇ ಮಾತು ಹೇಳಿದ್ದಳು: "ಕರಿಯಾಕ ಬಂದಾಗ ಹೊಸ್ತಿಲದಾಗ ನಿಂತು ನನ್ನ ಹೆಸರಿಟ್ಟು ಒಡಪು ಹೇಳ್ರಿ. ಇಲ್ಲಂದ್ರ ನಾ ಬರಂಗಿಲ್ಲ."

ಹೋದ ಸಲ ಅವಳ ತವರು ಚಿಮ್ಮಡದ ಹೊಸ್ತಿಲಲ್ಲಿ ಹೆಂಡತಿಯ ಹೆಸರು ಪೋಣಿಸುವ ಪದ ಹೊಳೆಯದೆ ಕಲ್ಮೇಶ ಬರೀ ಬೆವರಿ ಬಂದಿದ್ದ. ಓಣಿಯ ಹೆಂಗಸರು ಇನ್ನೂ ನಗುತ್ತಿದ್ದರಂತೆ, ಪಾಪ.

ಮುಧೋಳದಲ್ಲಿ ಬಸ್ಸು ಹತ್ತಿದವನೇ ಮೊಬೈಲಿನಲ್ಲಿ ಒಡಪು ಹುಡುಕಿದ. ಒಂದು ವಿಡಿಯೊದಲ್ಲಿ ಸೆರಗಿನಲ್ಲಿ ಮುಖ ಮರೆಸಿಕೊಂಡ ಮುದುಕಿಯೊಬ್ಬಳು ಬೀಸುಕಲ್ಲು ತಿರುಗಿಸುತ್ತ ಹಾಡುತ್ತಿದ್ದಳು:

"ಜ್ವಾಳದ ತೆನಿ ಮ್ಯಾಲ ಗುಬ್ಬಿ ಹಾಡತೈತಿ,
ಕವಣಿ ಕಲ್ಲು ಕೈಯಾಗ ಹಂಗ ಉಳದೈತಿ,
ಹಾಡ ಕೇಳಿ ನಿಂತಾರ ನಮ್ಮ ಬಸಗೊಂಡಪ್ಪಾರ."

ಕಲ್ಮೇಶ ತೇಲಿಹೋದ. ಕಿಟಕಿಯಾಚೆಯ ಕಬ್ಬೆಲ್ಲ ಅವನಿಗೆ ಜೋಳವಾಯಿತು. ತೆನೆಗಳ ನಡುವೆ ರಾಜಶ್ರೀ ನಿಂತಳು. ಈ ತಾಯಿ ಸಿಕ್ಕರೆ ಕಾಲಿಗೆ ಬೀಳುತ್ತೇನೆ ಅಂದುಕೊಂಡು, ಹೊಸ ವಿಡಿಯೊ ಬಂದರೆ ತಿಳಿಸುವ ಗಂಟೆಯ ಗುರುತನ್ನೂ ಒತ್ತಿದ.

ಪಕ್ಕದ ಸೀಟಿನ ಜಕ್ಕಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಸಪ್ಪಳಾ ಏರಸ್ರಿ, ನಾವೂ ಕೇಳ್ತೀವಿ. ಗಂಡನ ಹೆಸರು ತಗದು ಹೆಂಡತಿ ಹೆಸರು ಇಡ್ರಿ, ಕೆಲಸಾ ಆತು. ಯಾರಿಗೆ ತಿಳೀತೈತಿ?"

ಅವನೂ ತನ್ನ ಮೊಬೈಲಿನಲ್ಲಿ ಅದೇ ಗಂಟೆ ಒತ್ತಿಕೊಂಡ. ಇಬ್ಬರೂ ಕೂಡಿ ಹೆಸರು ಬದಲಿಸಿ ಹಾಡುತ್ತಿರುವಾಗ ಕಂಡಕ್ಟರ್ ರೇಗಿದ. "ಮಹಾಲಿಂಗಪುರದಾಗ ಒದರಿದ್ದು ಕೇಳ್ಲಿಲ್ಲೇನ್ರಿ? ಇದು ಬನಹಟ್ಟಿ, ಇಳೀರಿ!"

ಕಿಕ್ಕಿರಿದ ಆಟೊದಲ್ಲಿ ಚಿಮ್ಮಡ ಮುಟ್ಟುವಷ್ಟರಲ್ಲಿ, ಅತ್ತೆಮನೆಗೆಂದು ಒಯ್ದಿದ್ದ ಕರದಂಟಿನ ಸಿಹಿ ಡಬ್ಬಿ ಅಪ್ಪಚ್ಚಿಯಾಗಿತ್ತು. ಹೊಸ್ತಿಲ ಮುಂದೆ ಅರ್ಧ ಓಣಿ ನೆರೆದಿತ್ತು. ನಾದಿನಿ ಸತ್ಯವ್ವ ಮೊಬೈಲು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

ಕಲ್ಮೇಶ ಕಣ್ಣು ಮುಚ್ಚಿದ. ಗುಬ್ಬಿ ಬಂತು, ಕವಣೆ ಬಂತು, "ಹಾಡ ಕೇಳಿ ನಿಂತಾಳ ನಮ್ಮ ರಾಜಶ್ರೀ" ಎಂದು ರಾಗವೆಳೆದು ಮುಗಿಸಿದ.

ಎಲ್ಲರೂ ಮುತ್ಯಾ ಅಂತಲೇ ಕರೆಯುವ, ಕಲ್ಮೇಶ ಇದುವರೆಗೂ ಹೆಸರು ಕೇಳಿರದ ರಾಜಶ್ರೀಯ ಅಜ್ಜ ಒಳಗಿನಿಂದ ಗುಡುಗಿದರು: "ಏ ಇಂದ್ರವ್ವಾ! ನನ್ನ ಪದದಾಗ ಬಸಗೊಂಡಪ್ಪನ್ನ ತಗದವರು ಯಾರ?"

ರಾಜಶ್ರೀಯ ಅಜ್ಜಿ ಇಂದ್ರವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ವಿಡಿಯೊದ ಅದೇ ದನಿ. "ಛಲೋ ಹೇಳಿದ್ರಿ ಅಳಿಯಂದ್ರ. ಆದ್ರ ಅದು ನಮ್ಮ ಮನಿಯವರ ಪದಾ ರೀ."

ಹರಕೆಯಂತೆ ಕಲ್ಮೇಶ ದಡಕ್ಕನೆ ಕಾಲಿಗೆ ಬಿದ್ದ.

"ಕಾಲಿಗೆ ಬಿದ್ರ ಒಡಪು ಆಗತೈತೇನ್ರಿ? ನೀವ ಕಟ್ಟಿದ್ದು ಹೇಳ್ರಿ," ಅಂದಳು ಇಂದ್ರವ್ವ.

ರಾಜಶ್ರೀ ಬಂದಳು. ಡಬ್ಬಿ ಇಸಕೊಂಡಳು, ಗಂಡನ ಮುಖವನ್ನೊಮ್ಮೆ ನೋಡಿದಳು, ನಗು ನುಂಗಿಕೊಂಡು ಒಳಗೆ ಹೋದಳು. ಕರದಂಟು ಹೊಸ್ತಿಲು ದಾಟಿತು. ಕಲ್ಮೇಶ ಕಟ್ಟೆಯ ಮೇಲೆ ಕೂತ.

ಬಿಸಿಲು ಇಳಿಯಿತು. 'ಜ್ವಾಳದ' ಎಂಬುದನ್ನು ಬಿಟ್ಟು ಬೇರೆ ಮೊದಲ ಪದವೇ ಹೊಳೆಯಲಿಲ್ಲ. ಅಷ್ಟರಲ್ಲಿ ಕಿಸೆಯೊಳಗಿನ ಮೊಬೈಲು ಟಿಣ್ ಎಂದಿತು. ಮುದುಕಿಯ ಹೊಸ ವಿಡಿಯೊ! ಆಸೆಯಿಂದ ತೆರೆದ.

ಹೊಸ್ತಿಲಾಚೆ ಅಪ್ಪಚ್ಚಿಯಾದ ಡಬ್ಬಿ ಹಿಡಿದು ನಿಂತವನೊಬ್ಬ ಕಣ್ಣು ಮುಚ್ಚಿ ಹಾಡುತ್ತಿದ್ದ. ಆಗಲೇ ಮುನ್ನೂರು ಮಂದಿ ನೋಡಿದ್ದರು. ಕೆಳಗಿನ ಕಾಮೆಂಟುಗಳಲ್ಲಿ ಮೊದಲನೆಯದು ಬಸ್ಸಿನ ಜಕ್ಕಪ್ಪನದು: "ಇವರಿಗೆ ಕಲಿಸಿದಾವ ನಾನ ರೀ!"